ಅವ್ವ ಹಾಕಿದ ಅಸ್ತರ್

ನಮ್ಮವ್ವ ಬ್ಲೌಸ್ ಹೊಲಿಯೋಳು. ದಾವಣಗೆರೆ ಕೆ.ಟಿ.ಜೆ. ನಗರದ ಒಂದು ಓಣಿಯಲ್ಲಿ ಮನೆ ಮುಂದಿನ ರೂಮಲ್ಲೇ ಮಷಿನ್ ಹಾಕ್ಕೊಂಡು ಮೂವತ್ತು ವರ್ಷದ ಮೇಲಾಯ್ತು. ಹೊಲಿಸೋಕೆ ಬರೋರು ಹೊಸ ಬಟ್ಟೆ ಜೊತೆ ಅಳತೆಗೆ ಅಂತ ಒಂದು ಹಳೆ ಬ್ಲೌಸ್ ತರ್ತಾರಲ್ಲ, ಅದನ್ನ ಅವ್ವ ಟೇಬಲ್ ಮೇಲೆ ಹರವಿ ಟೇಪ್ ಹಿಡಿಯೋದನ್ನ ನೋಡ್ತಾನೇ ನಾನು ಬೆಳೆದಿದ್ದು. ಅಳತೆ ಬ್ಲೌಸು ಅಂದ್ರೆ ಒಂಥರಾ ಆ ಹೆಂಗಸಿನ ಜಾತಕ ಇದ್ದಂಗೆ, ಯಾರಿಗೆ ಮೈ ಬಂದಿದೆ, ಯಾರು ಸೊರಗಿದಾರೆ, ಯಾರು ಮಗೂಗೆ ಹಾಲು ಕುಡಿಸ್ತಿದಾರೆ ಎಲ್ಲಾ ಅಲ್ಲೇ ಗೊತ್ತಾಗುತ್ತೆ. ಹಂಗೇ ಕಂಕುಳ ಹತ್ರ ಬಣ್ಣ ಬಿಟ್ಟಿರೋದು, ಉಪ್ಪಿನ ಬಿಳಿ ಗೆರೆ ಒಂದರ ಮೇಲೊಂದು ಕೂತಿರೋದು, ಬಟ್ಟೆ ಒರಟಾಗಿ ಹರಿಯೋಕೆ ಬಂದಿರೋದೂ ಕಾಣುತ್ತೆ. ಅಂಥ ಬ್ಲೌಸ್ ಬಂದ್ರೆ ಅವ್ವ ಏನೂ ಅನ್ನಲ್ಲ. ಚೀಟಿಯಲ್ಲಿ ಅಳತೆ ಬರೆದು ಮೂಲೆಯಲ್ಲಿ ಸಣ್ಣದೊಂದು ಚುಕ್ಕೆ ಇಡ್ತಾಳೆ. ಆ ಚುಕ್ಕೆ ಅಂದ್ರೆ ಕಂಕುಳಿಗೆ ಒಳಗಿನಿಂದ ಇನ್ನೊಂದು ಪದರ ಕಾಟನ್, ಅಸ್ತರ್ ಮೇಲೆ ಅಸ್ತರ್. ಅದಕ್ಕೆ ದುಡ್ಡು ಕೇಳಲ್ಲ, ಹಾಕಿದೀನಿ ಅಂತ ಹೇಳೋದೂ ಇಲ್ಲ.

ನನ್ನ ಅಳತೆ ಚೀಟಿ ಮೇಲೂ ಆ ಚುಕ್ಕೆ ಇತ್ತು ಅಂತ ನಂಗೆ ಗೊತ್ತಾಗಿದ್ದು ಬಹಳ ತಡವಾಗಿ.

ನಂಗೆ ಶುರುವಾಗಿದ್ದು ಒಂಬತ್ತನೇ ಕ್ಲಾಸಲ್ಲಿ. ಯೂನಿಫಾರ್ಮ್ ತಿಳಿನೀಲಿ. ಬೆವರು ಎಲ್ಲರಿಗೂ ಬರುತ್ತೆ, ನಮ್ಮೂರಲ್ಲಂತೂ ಏಪ್ರಿಲ್ ತಿಂಗಳು 38 ಡಿಗ್ರಿ ದಾಟಿದಾಗ ಕಲ್ಲೂ ಬೆವರುತ್ತೆ ಅನ್ಬೇಕು, ಆದ್ರೆ ನಂದು ಡಿಸೆಂಬರ್ ಬೆಳಿಗ್ಗೆ ಸ್ವೆಟರ್ ಒಳಗೂ ಇಳೀತಿತ್ತು. ಸುಮ್ನೆ ಕೂತಿದ್ರೂ ಎರಡೂ ಕಂಕುಳಿಂದ ಹನಿ ಪಕ್ಕೆ ಮೇಲೆ ತಣ್ಣಗೆ ಜಾರೋದು, ಯಾರಾದ್ರೂ ಹೆಸರು ಕರೆದ್ರೆ ಇನ್ನೂ ಜಾಸ್ತಿ, ಜಾಸ್ತಿ ಆಗ್ತಿದೆ ಅಂತ ಗಾಬರಿಯಾದ್ರೆ ಅದಕ್ಕೂ ಜಾಸ್ತಿ. ಪ್ರಶ್ನೆಗೆ ಉತ್ತರ ಗೊತ್ತಿದ್ರೂ ಕೈ ಎತ್ತೋದು ಬಿಟ್ಟೆ. ಆಮೇಲೆ ಬಣ್ಣಗಳನ್ನ ಬಿಟ್ಟೆ, ಬೂದು ಬಣ್ಣ, ತಿಳಿಗುಲಾಬಿ, ಆಕಾಶನೀಲಿ, ರೇಷ್ಮೆ ಎಲ್ಲಾ. ಕಪ್ಪು, ಬಿಳಿ, ದಟ್ಟ ಹೂವಿನ ಪ್ರಿಂಟು ಇಷ್ಟೇ ಉಳಿದಿದ್ದು. ಗೆಳತಿಯರು ಬೆಣ್ಣೆದೋಸೆ ತಿನ್ನೋಕೆ ಹೋಗೋಣ ಬಾರೇ ಅಂದ್ರೆ ಆ ಸಣ್ಣ ಹೋಟ್ಲಲ್ಲಿ ಕಾವಲಿ ಬಿಸಿ, ಒತ್ತಿ ಒತ್ತಿ ಕೂರೋದು ನೆನಪಾಗಿ ಹೊಟ್ಟೆನೋವು ಅಂದ್ಬಿಡ್ತಿದ್ದೆ. ದಾವಣಗೆರೆ ಹುಡುಗಿಯಾಗಿ ಎಷ್ಟು ಬೆಣ್ಣೆದೋಸೆ ಬಿಟ್ಟಿದೀನಿ ಅಂತ ಈಗ ಲೆಕ್ಕ ಹಾಕೋಕೆ ಹೋಗಲ್ಲ, ಸಂಕಟ ಆಗುತ್ತೆ.

ಮದುವೇಲಿ ಹಾರ ಬದಲಾಯಿಸೋವಾಗ ಕೈ ಎತ್ತಬೇಕಲ್ಲ. ಫೋಟೋಗ್ರಾಫರ್ ಇನ್ನೂ ಮೇಲೆ ಇನ್ನೂ ಮೇಲೆ ಅಂತಿದ್ದ. ಆಲ್ಬಮ್ಮಲ್ಲಿ ನೋಡಿದ್ರೆ ಎಲ್ಲರೂ ನಗ್ತಿದಾರೆ, ನನ್ನ ಮೊಣಕೈ ಮಾತ್ರ ಪಕ್ಕೆಗೆ ಅಂಟ್ಕೊಂಡಿದೆ. ಕಲೆ ಮಾತ್ರ ಒಂದು ಫೋಟೋದಲ್ಲೂ ಕಾಣಲ್ಲ. ಆ ಮೆರೂನ್ ಬ್ಲೌಸ್‌ನ ವರ್ಷಗಳಾದ ಮೇಲೆ ಸಡಿಲ ಮಾಡೋಕೆ ಅಂತ ಬಿಚ್ಚಿದಾಗ ಕಂಕುಳಲ್ಲಿ ಮೂರು ಪದರ ಇತ್ತು, ಮಧ್ಯದ್ದು ಹಳೇ ಟವೆಲ್ ತುಂಡು, ಅಂಚು ಸುತ್ತ ಕೈಹೊಲಿಗೆ. ಮದುವೆ ಹಿಂದಿನ ರಾತ್ರಿ ಅವ್ವ ಯಾಕೆ ಅಷ್ಟೊತ್ತು ಎದ್ದಿದ್ಳು ಅಂತ ಅವತ್ತು ತಿಳೀತು. ಕತ್ತರಿ ಕೆಳಗಿಟ್ಟು ಸುಮಾರು ಹೊತ್ತು ಹಂಗೇ ಕೂತಿದ್ದೆ.

ಈ ಬರಹ ಬರೀಬೇಕು ಅಂತ ಅನ್ನಿಸಿದ್ದೇ ಆ ಟವೆಲ್ ತುಂಡಿನಿಂದ. ಅದರಲ್ಲಿ ಎಷ್ಟು ಪ್ರೀತಿ ಇತ್ತೋ ಅಷ್ಟೇ ಬಾಯಿಮುಚ್ಚಿಕೊಂಡಿರೋದೂ ಇತ್ತು. ಇಪ್ಪತ್ತು ವರ್ಷ ಅವ್ವ ನನ್ನ ಬೆವರನ್ನ ನೋಡಿದ್ಳು, ನಾನು ಅವಳು ನೋಡಿಲ್ಲ ಅಂದ್ಕೊಂಡಿದ್ದೆ, ಇಬ್ಬರೂ ಒಂದು ಮಾತೂ ಆಡ್ಲಿಲ್ಲ. ಆಡಿದ್ರೆ ಬಹುಶಃ ಕಾಲೇಜಿಗೆ ಹೋಗೋ ಹೊತ್ತಿಗೇ ಡಾಕ್ಟರ ಹತ್ರ ಹೋಗಿರ್ತಿದ್ವಿ. ಆಸ್ಪತ್ರೆಗೆ ಬರ ಇರೋ ಊರೂ ಅಲ್ಲ ನಮ್ದು, ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಇದೆ, ಚಿತ್ರದುರ್ಗ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯಿಂದೆಲ್ಲ ಜನ ಕಾಯಿಲೆ ಹೊತ್ಕೊಂಡು ಇಲ್ಲಿಗೇ ಬರ್ತಾರೆ.

ಒಂದ್ಸಲ ಹೋಗಿದ್ದೆ ಅನ್ನಿ, ಬಿ.ಎಸ್ಸಿ. ಓದೋವಾಗ. ಹೆಸರು ಬೇಡ. ನನ್ನ ಮುಖ ನೋಡದೇನೇ ದಿನಕ್ಕೆರಡು ಸಲ ಸ್ನಾನ ಮಾಡಮ್ಮ, ಸ್ವಲ್ಪ ತೂಕ ಇಳಿಸು ಅಂದ್ರು. ಆಗ ನನ್ನ ತೂಕ 48 ಕೆ.ಜಿ. ದಿನಕ್ಕೆ ಮೂರು ಸಲ ಸ್ನಾನ ಮಾಡ್ತಿದ್ದೆ. ಮತ್ತೆ ಹದಿನೈದು ವರ್ಷ ಆ ಕಡೆ ತಲೆ ಹಾಕ್ಲಿಲ್ಲ.

ನಾನೀಗ ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಲೆಕ್ಚರರ್. ದಿನಾ ಸೀರೆ, ದಿನಾ ಬೋರ್ಡು. ಬೋರ್ಡಿನ ಮೇಲಿನ ಅರ್ಧ ಭಾಗದಲ್ಲಿ ನಾನು ಬರೀತಿರ್ಲಿಲ್ಲ, ಎದೆ ಮಟ್ಟಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ಸಮೀಕರಣ ತುಂಬ್ತಿದ್ದೆ, ಹಿಂದಿನ ಬೆಂಚಿನವರು ಕಾಣ್ಸಲ್ಲ ಮೇಡಂ ಅಂತ ಕೂಗೋರು. ಆ ಹುಡುಗರಿಗೆ ಕಾಣ್ಲಿಲ್ಲ ಅನ್ನೋದೇ ಕೊನೆಗೆ ನನ್ನನ್ನ ಎಬ್ಬಿಸಿದ್ದು. ನನ್ನ ಕಷ್ಟ ನಂಗಿರ್ಲಿ, ಮಕ್ಕಳ ಪಾಠಕ್ಕೂ ಅಂಟ್ಕೊಂಡ್ತಲ್ಲ ಅಂತ. 36ನೇ ವಯಸ್ಸಲ್ಲಿ ಒಂದು ಶನಿವಾರ ಚರ್ಮದ ಡಾಕ್ಟರ ಹತ್ರ ಹೋದೆ, ಅವ್ವ ಜೊತೆಗೆ ಬರ್ತೀನಿ ಅಂದ್ಳು, ಯಾಕೆ ಅಂತ ನಾನೂ ಕೇಳ್ಲಿಲ್ಲ ಅವಳೂ ಹೇಳ್ಲಿಲ್ಲ.

ಈ ಡಾಕ್ಟರು ಬಹಳ ಪ್ರಶ್ನೆ ಕೇಳಿದ್ರು. ಯಾವ ವಯಸ್ಸಲ್ಲಿ ಶುರುವಾಯ್ತು, ಎರಡೂ ಕಡೆ ಒಂದೇ ಥರ ಬರುತ್ತಾ, ನಿದ್ದೆಯಲ್ಲಿ ಬರುತ್ತಾ, ಮನೇಲಿ ಬೇರೆ ಯಾರಿಗಾದ್ರೂ ಇದೆಯಾ. ನಿದ್ದೆಯಲ್ಲಿ ನಂಗೆ ಒಣಗೇ ಇರುತ್ತೆ. ಅದೇ ಮುಖ್ಯವಾದ ಗುರುತಂತೆ, ಹದಿಹರೆಯದಲ್ಲಿ ಶುರುವಾಗಿ ಎರಡೂ ಕಡೆ ಸಮ ಬಂದು ಮಲಗಿದಾಗ ನಿಲ್ಲುತ್ತೆ ಅಂದ್ರೆ ಅದು ಗ್ರಂಥಿಗೆ ಹೋಗೋ ನರ ಅತಿಯಾಗಿ ಕೆಲಸ ಮಾಡೋ ತೊಂದರೆ, ಬೇರೆ ಕಾಯಿಲೆಯ ನೆರಳಲ್ಲ. ಅದೇ ಮಧ್ಯವಯಸ್ಸಲ್ಲಿ ಏಕಾಏಕಿ ಶುರುವಾದ್ರೆ, ರಾತ್ರಿ ಹಾಸಿಗೆ ನೆನೆಯೋ ಹಂಗೆ ಬೆವರಿದ್ರೆ, ಜೊತೆಗೆ ಜ್ವರ ಅಥವಾ ತೂಕ ಇಳಿಯೋದು ಇದ್ರೆ ಥೈರಾಯ್ಡು, ಶುಗರು, ಟಿ.ಬಿ. ಅಂತ ಬೇರೆ ದಾರಿ ಹುಡುಕಬೇಕು. ಇದನ್ನ ಓದ್ತಿರೋರು ದಯವಿಟ್ಟು ಈ ವ್ಯತ್ಯಾಸ ನೆನಪಿಟ್ಕೊಳ್ಳಿ. ನಂಗೂ ಥೈರಾಯ್ಡು, ಶುಗರು ಎರಡೂ ಟೆಸ್ಟ್ ಮಾಡಿಸಿದ್ರು, ಸರಿ ಇತ್ತು.

ಮನೇಲಿ ಯಾರಿಗಾದ್ರೂ ಅಂದಾಗ ನಾನು ಇಲ್ಲ ಅಂದೆ. ಅವ್ವ ಮೆಲ್ಲಗೆ ಬಾಯಿ ಬಿಟ್ಳು. "ನಮ್ಮಪ್ಪಗ ಇತ್ರಿ ಸಾರ್." ನಮ್ಮಜ್ಜ ಕಾಟನ್ ಮಿಲ್ಲಲ್ಲಿ ನೂಲೋ ಖಾತೆಯಲ್ಲಿದ್ದೋರು. ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ, ಆ ಕಾಲ. ನೂಲು ಹರೀಬಾರದು ಅಂತ ಆ ಶೆಡ್ಡುಗಳಲ್ಲಿ ಗಾಳಿಯನ್ನ ತೇವವಾಗಿ ಇಡ್ತಿದ್ರು, ಅಲ್ಲಿ ಕೆಲಸ ಮಾಡೋರೆಲ್ಲಾ ಪಾಳಿ ಮುಗಿಯೋ ಹೊತ್ತಿಗೆ ತೊಯ್ದು ತೊಪ್ಪೆ. ಅಷ್ಟು ಜನರ ಮಧ್ಯೆ ಅಜ್ಜನ ಅಂಗಿ ಬೇರೆಯಾಗಿ ಕಾಣೋದಾದ್ರೂ ಹೆಂಗೆ? ಅಜ್ಜನ ಅಂಗಿ ಕಂಕುಳಿಗೆ ತೇಪೆ ಹಾಕ್ತಾ ಹಾಕ್ತಾನೇ ಅವ್ವ ಹೊಲಿಗೆ ಕಲಿತಿದ್ದಂತೆ. ಅದನ್ನ ಅವಳು ನನ್ನೆದುರು ಹೇಳಿದ್ದು ಅದೇ ಮೊದಲು, ಅದೂ ಡಾಕ್ಟರಿಗೆ.

ಆಮೇಲೆ ಡಾಕ್ಟರು ಒಂದರಿಂದ ನಾಲ್ಕರವರೆಗೆ ಒಂದು ಅಳತೆ ಹೇಳಿದ್ರು. ಬೆವರು ಗಮನಕ್ಕೇ ಬರಲ್ಲ ಅಂದ್ರೆ ಒಂದು, ತಡ್ಕೋಬಹುದು ಆದ್ರೆ ಆಗಾಗ ಅಡ್ಡ ಬರುತ್ತೆ ಅಂದ್ರೆ ಎರಡು, ತಡ್ಕೊಳ್ಳೋದೇ ಕಷ್ಟ ಅಂದ್ರೆ ಮೂರು, ತಡ್ಕೊಳ್ಳೋಕೇ ಆಗಲ್ಲ, ದಿನದ ಕೆಲಸಕ್ಕೆ ಯಾವಾಗ್ಲೂ ಅಡ್ಡಿ ಅಂದ್ರೆ ನಾಲ್ಕು. ನಾನು ಎರಡು ಅಂದೆ. ಅವ್ವ ತಲೆ ಎತ್ತದೇ, "ನಾಕು ಬರ್ಕಳ್ರಿ ಸಾರ್. ಆಕಿ ಬಟ್ಟಿ ಹೊಲಿಯಾಕಿ ನಾನು, ನಂಗೊತ್ತೈತಿ" ಅಂದ್ಳು.

ನಂಗೆ ಅಲ್ಲೇ ಅಳು ಬಂತು. ಡಾಕ್ಟರು ಸುಮ್ನೆ ನಾಲ್ಕು ಅಂತ ಬರೆದ್ಕೊಂಡ್ರು.

ಬೆವರಿನ ಬಗ್ಗೆ ನಮ್ಮ ಜನಕ್ಕೆ ಎರಡು ಮನಸ್ಸಿದೆ. ಹಣೆ ಬೆವರು ಸುರಿಸಿ ದುಡಿದ ಅನ್ನ ಅಂತ ಕೈ ಮುಗೀತೀವಿ, ಕಾಯಕದ ಮಾತು ಬಂದ ಕೂಡ್ಲೇ ಬೆವರಿನ ಮಾತೂ ಬರುತ್ತೆ. ಅದೇ ನೀರು ಒಂದು ಗೇಣು ಕೆಳಗೆ ಕಂಕುಳಲ್ಲಿ ಬಂದ್ರೆ ಕೊಳಕು, ಸ್ನಾನ ಮಾಡಲ್ಲ, ಮಡಿ ಇಲ್ಲ. ಮೈಮೇಲೆ ಇಪ್ಪತ್ತರಿಂದ ನಲವತ್ತು ಲಕ್ಷ ಬೆವರಿನ ಗ್ರಂಥಿ ಇರ್ತವೆ, ಮೈ ತಣ್ಣಗಿಡೋದೇ ಅವುಗಳ ಕೆಲಸ. ಕಂಕುಳಲ್ಲಿ ಅವುಗಳ ಜೊತೆ ಇನ್ನೊಂದು ಜಾತಿ ಇದೆ, ಕೂದಲ ಬುಡಕ್ಕೆ ತೆರೆಯೋ ಅಪೋಕ್ರೈನ್ ಗ್ರಂಥಿಗಳು, ಅವು ದೊಡ್ಡವರಾಗೋ ವಯಸ್ಸಿಗೇ ಎಚ್ಚರ ಆಗೋದು. ಅವುಗಳ ಸ್ರಾವಕ್ಕೂ ಬಂದಾಗ ವಾಸನೆ ಇರಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ವಾಸನೆ ಹುಟ್ಟೋದು. ಎಷ್ಟು ಬೆವರಬೇಕು ಅಂತ ಹೇಳೋದು ನರ, ಅದು ನಮ್ಮ ಮಾತು ಕೇಳಲ್ಲ. ಇದರಲ್ಲಿ ಕೊಳಕಿನ ಮಾತು ಎಲ್ಲಿಂದ ಬಂತು?

ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಶುರುವಾಯ್ತು. ಮೊದಲು ಅಲ್ಯುಮಿನಿಯಂ ಕ್ಲೋರೈಡ್, ನೂರಕ್ಕೆ 20ರ ದ್ರಾವಣ, ರಾತ್ರಿ ಮಲಗೋವಾಗ ಪೂರ್ತಿ ಒಣಗಿದ ಚರ್ಮಕ್ಕೆ ಹಚ್ಚಿ ಬೆಳಿಗ್ಗೆ ತೊಳೀಬೇಕು. ಬೆವರಿನ ನಾಳದ ಬಾಯಿಗೆ ಬಿರಡೆ ಹಾಕಿದಂಗೆ ಅದು. ಒದ್ದೆ ಇದ್ರೆ ನೀರಿನ ಜೊತೆ ಸೇರಿ ಹೈಡ್ರೋಕ್ಲೋರಿಕ್ ಆಸಿಡ್ ಆಗುತ್ತೆ, ಉರಿ ಹತ್ತುತ್ತೆ, ಇದನ್ನ ನಾನೇ ಕ್ಲಾಸಲ್ಲಿ ಪಾಠ ಮಾಡಿದೀನಿ. ನಮ್ಮಜ್ಜಿ ಪಟಿಕ ಉಜ್ಜಿಕೊಳ್ಳೇ ಅಂತಿದ್ದದ್ದೂ ನೆನಪಾಯ್ತು, ಪಟಿಕವೂ ಅಲ್ಯುಮಿನಿಯಂ ಲವಣವೇ, ಅಜ್ಜಿ ಹೇಳಿದ್ದು ದಾರಿ ಸರಿ ಇತ್ತು, ಶಕ್ತಿ ಸಾಲ್ತಿರ್ಲಿಲ್ಲ ಅಷ್ಟೇ. ಬಹಳ ಜನಕ್ಕೆ ಈ ದ್ರಾವಣದಲ್ಲೇ ಸಾಕಾಗುತ್ತಂತೆ. ನಂಗೆ ಚರ್ಮ ಕೆಂಪಾಗಿ ಸುಲಿದು ಹೋಯ್ತು, ಬಿಟ್ಟೆ. ಆಮೇಲೆ ಗ್ಲೈಕೋಪೈರೋಲೇಟ್ ಮಾತ್ರೆ. ನರ ಗ್ರಂಥಿಗೆ ಕಳಿಸೋ ಅಸಿಟೈಲ್‌ಕೋಲಿನ್ ಅನ್ನೋ ಸಂದೇಶವನ್ನ ಅದು ತಡೆಯುತ್ತೆ, ಆದ್ರೆ ಕಂಕುಳಲ್ಲಿ ಮಾತ್ರ ಅಲ್ಲ, ಎಲ್ಲಾ ಕಡೆ. ಎರಡನೇ ಪೀರಿಯಡ್ಡಿಗೆ ಬಾಯಿ ಒಣಗಿ ನಾಲಿಗೆ ಅಂಗಳಕ್ಕೆ ಅಂಟ್ಕೊಳ್ತಿತ್ತು. ಪಾಠ ಮಾಡೋಳಿಗೆ ಅದು ಆಗದ ಮಾತು.

ಮೂರನೇದು ಬೊಟಾಕ್ಸ್. ಸುಕ್ಕಿಗೆ ಹಾಕೋದು ಅಂತಲೇ ಕೇಳಿದ್ದೆ, ಆದ್ರೆ ಕಂಕುಳ ಬೆವರಿಗೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿದೆ. ಒಂದೊಂದು ಕಂಕುಳಿಗೆ 50 ಯೂನಿಟ್, ಸಣ್ಣ ಸೂಜಿಯಲ್ಲಿ ಹತ್ತು ಹದಿನೈದು ಕಡೆ ಚುಚ್ಚಿದ್ರು. ಒಂದು ವಾರಕ್ಕೆ ಒಣಗ್ತು. ಒಣಗ್ತು ಅಂತ ಒಂದು ಪದದಲ್ಲಿ ಬರೆದ್ನಲ್ಲ, ಅವತ್ತು ಕಾಲೇಜಿಂದ ಬಂದು ಬ್ಲೌಸ್ ಬಿಚ್ಚಿ ಮುಟ್ಟಿ ಮುಟ್ಟಿ ನೋಡಿ ಅವ್ವನ ಕೈಗೆ ಕೊಟ್ಟೆ, ಅವಳು ಬೆಳಕಿಗೆ ಹಿಡಿದು ನೋಡಿ ಮಡಚಿ ಇಟ್ಳು, ಒಗೀಲೇ ಇಲ್ಲ ಎರಡು ದಿನ. ಸುಮಾರು ಆರು ತಿಂಗಳು ಚೆನ್ನಾಗಿತ್ತು, ಆಮೇಲೆ ನಿಧಾನಕ್ಕೆ ಮೊದಲಿನಂಗೇ. ಮತ್ತೆ ಹಾಕಿಸ್ಬೇಕು, ಪ್ರತಿ ಸಲ 25,000 ರೂಪಾಯಿ ಮೇಲೆ. ಎರಡು ಸಲ ಹಾಕಿಸ್ದೆ. ನನ್ನ ಸಂಬಳಕ್ಕೆ ವರ್ಷಕ್ಕೆರಡು ಸಲ ಜೀವನಪೂರ್ತಿ ಅನ್ನೋದು ಆಗ್ತಿರ್ಲಿಲ್ಲ.

ಆಗ ಆಪರೇಷನ್ ಮಾತು ಬಂದಿದ್ದು. ಎದೆಗೂಡಿನೊಳಗೆ ದುರ್ಬೀನು ಹಾಕಿ ನರವನ್ನೇ ಕತ್ತರಿಸೋದು ಒಂದಿದೆ, ಅದನ್ನ ಹೆಚ್ಚಾಗಿ ಅಂಗೈ ಬೆವರಿಗೆ ಮಾಡ್ತಾರೆ, ಆದ್ರೆ ಅದಾದ ಮೇಲೆ ಎಷ್ಟೋ ಜನಕ್ಕೆ ಬೆನ್ನು, ಹೊಟ್ಟೆ, ತೊಡೆಯಲ್ಲಿ ಬದಲಿ ಬೆವರು ಶುರುವಾಗುತ್ತೆ, ಹಿಂದಕ್ಕೆ ತರೋಕೆ ಬರಲ್ಲ. ಇಲ್ಲಿದ್ದ ಕಷ್ಟ ಅಲ್ಲಿಗೆ ಹೋಯ್ತು ಅಷ್ಟೇ ಆದ್ರೆ ಏನು ಬಂತು, ನಂಗದು ಬೇಡ ಅಂತ ಸರ್ಜನ್ನೇ ಹೇಳಿದ್ರು. ಮೈಕ್ರೋವೇವ್ ಶಾಖದಿಂದ ಗ್ರಂಥಿ ಸುಡೋ ಯಂತ್ರ ಇದೆ, ಅದು ದೊಡ್ಡ ಊರಿನ ದುಡ್ಡಿನ ಮಾತು. ಹಿಂದೆಲ್ಲಾ ಕಂಕುಳ ಚರ್ಮವನ್ನೇ ಕತ್ತರಿಸಿ ತೆಗೆದು ಹೊಲೀತಿದ್ರಂತೆ, ದೊಡ್ಡ ಗಾಯ, ತೋಳು ಎತ್ತೋಕೆ ಬಿಗಿ. ಈಗ ಅರ್ಧ ಸೆಂಟಿಮೀಟರಿನ ಎರಡು ಸಣ್ಣ ತೂತು ಸಾಕು, ಅದರೊಳಗಿಂದ ಕ್ಯಾನುಲಾ ಅಂತ ತೆಳ್ಳನೆ ಕೊಳವೆ ಹಾಕಿ ಚರ್ಮದ ಅಡಿಮೈಯನ್ನ ಕೆರೆದು ಹೀರಿ ತೆಗೀತಾರೆ. ಗ್ರಂಥಿಗಳು ಇರೋದೇ ಅಲ್ಲಿ, ಚರ್ಮದ ಕೆಳಪದರಕ್ಕೂ ಕೊಬ್ಬಿಗೂ ಮಧ್ಯದ ಗಡಿಯಲ್ಲಿ.

ಇದನ್ನ ಮನೆಗೆ ಬಂದು ಅವ್ವಗೆ ಹೇಳೋಕೆ ಒದ್ದಾಡ್ತಿದ್ದೆ. ಅವಳೇ ಕೈಲಿದ್ದ ಬಟ್ಟೆ ತಿರುವಿ, "ಮೇಲಿನ ಬಟ್ಟಿ ಹಂಗ ಇಟ್ಟು ಒಳಗಿನ ಅಸ್ತರ್ ಬಿಚ್ತಾರ ಅನ್ನು" ಅಂದ್ಳು. ಇದಕ್ಕಿಂತ ಚೆನ್ನಾಗಿ ನಂಗಿನ್ನೂ ಯಾರೂ ವಿವರಿಸಿಲ್ಲ. ಮತ್ತೆ ಕೇಳಿದ್ಳು, "ಬಿಚ್ಚೋವಾಗ ಮೇಲಿನ ಬಟ್ಟಿ ಹರಿದ್ರ?" ಅದೇ ಪ್ರಶ್ನೆ ನಾನು ಸರ್ಜನ್‌ಗೆ ಕೇಳ್ದೆ. ಅವರು ಮುಚ್ಚಿಡ್ಲಿಲ್ಲ. ಜಾಸ್ತಿ ಕೆರೆದ್ರೆ ಚರ್ಮಕ್ಕೆ ರಕ್ತ ಹೋಗೋದು ಕಮ್ಮಿಯಾಗಿ ಅಲ್ಲಲ್ಲಿ ಕಪ್ಪಾಗಿ ಸಾಯಬಹುದು, ಕಮ್ಮಿ ಕೆರೆದ್ರೆ ಬೆವರು ವಾಪಸ್ ಬರುತ್ತೆ, ಒಳಗೆ ರಕ್ತ ಅಥವಾ ನೀರು ತುಂಬಬಹುದು, ಕೀವಾಗಬಹುದು, ಕಲೆ ಉಳೀಬಹುದು, ಪೂರ್ತಿ ಸೊನ್ನೆ ಅಂತೂ ಆಗಲ್ಲ ಅಂದ್ರು. ಗಾಯ ಆದಾಗ ಉಬ್ಬುಗಲೆ ಬೆಳೆಯೋ ಮೈಯಾ ಅಂತ ಹಳೇ ಗಾಯಗಳನ್ನೆಲ್ಲಾ ನೋಡಿದ್ರು. ಕಂಕುಳಲ್ಲಿರೋದು ಮೈಯೊಳಗಿನ ಒಟ್ಟು ಗ್ರಂಥಿಗಳಲ್ಲಿ ಸಣ್ಣ ಪಾಲು, ಅವು ಹೋದ್ರೆ ಮೈ ತಣ್ಣಗಾಗೋಕೆ ತೊಂದರೆ ಇಲ್ಲ ಅಂತಲೂ ಹೇಳಿದ್ರು. ಇಷ್ಟು ಹೇಳಿದ ಮೇಲೇ ನಂಗೆ ನಂಬಿಕೆ ಬಂದಿದ್ದು. ಬರೀ ಒಳ್ಳೇದನ್ನೇ ಹೇಳೋರ ಹತ್ರ ಮೈ ಕೊಡಬೇಡಿ ಅಂತ ನನ್ನ ಖಚಿತ ಅಭಿಪ್ರಾಯ.

ದಸರಾ ರಜೆಗೆ ದಿನ ಗೊತ್ತಾಯ್ತು, ಬೋರ್ಡ್ ಮೇಲೆ ಬರೆಯೋ ಹಾಗಿರಲ್ವಲ್ಲ ಅದಕ್ಕೆ. ಅವತ್ತು ಮೊದಲು ಮಾಡಿದ್ದು ಒಂದು ಟೆಸ್ಟ್. ಕಂಕುಳಿಗೆ ಅಯೋಡಿನ್ ಹಚ್ಚಿ, ಒಣಗಿಸಿ, ಮೇಲೆ ಸ್ಟಾರ್ಚ್ ಪುಡಿ ಉದುರಿಸಿದ್ರು. ಪಿಷ್ಟಕ್ಕೆ ಅಯೋಡಿನ್ ಹಾಕಿದ್ರೆ ನೀಲಿಗಪ್ಪು ಅಂತ ಎಷ್ಟು ಬ್ಯಾಚಿಗೆ ಹೇಳಿಕೊಟ್ಟಿದೀನೋ ಲೆಕ್ಕ ಇಲ್ಲ, ಆಲೂಗಡ್ಡೆ ಮೇಲೆ, ಅನ್ನದ ಮೇಲೆ, ಗಂಜಿ ಮೇಲೆ ತೋರಿಸಿದೀನಿ. ರಷ್ಯಾದ ನರವೈದ್ಯ ಮೈನರ್ ಅನ್ನೋರು 1928ರಲ್ಲಿ ಇದನ್ನ ಬೆವರಿಗೆ ಬಳಸಿದ್ದು, ಎಲ್ಲಿ ಬೆವರಿನ ನೀರು ತಾಕುತ್ತೋ ಅಲ್ಲಿ ಮಾತ್ರ ಬಣ್ಣ ಬರುತ್ತೆ. ನರ್ಸ್ ಕನ್ನಡಿ ಹಿಡಿದ್ರು. ಮೊದಲು ಒಂದೊಂದೇ ಚುಕ್ಕೆ. ಆಮೇಲೆ ಚುಕ್ಕೆ ಚುಕ್ಕೆ ಸೇರಿ, ಸಂಜೆ ಕೆರೆ ನೀರು ಕಪ್ಪಾದಂಗೆ, ಕಂಕುಳು ಪೂರ್ತಿ ನೀಲಿಗಪ್ಪು. ಇಪ್ಪತ್ತು ವರ್ಷ ನಾನು ಮುಚ್ಚಿದ್ದಕ್ಕೆ ಒಂದು ಅಂಚು ಇತ್ತು, ಆಕಾರ ಇತ್ತು, ಅದರ ಸುತ್ತ ಸರ್ಜನ್ ಪೆನ್ನಲ್ಲಿ ಗೆರೆ ಎಳೆದ್ರು, ಅವ್ವ ಸೀಮೆಸುಣ್ಣದಲ್ಲಿ ಕಟ್ಟಿಂಗ್ ಗೆರೆ ಎಳೆಯೋ ಹಂಗೇ. ನಾಚಿಕೆ ಆಗುತ್ತೆ ಅಂದ್ಕೊಂಡಿದ್ದೆ, ಆಗ್ಲಿಲ್ಲ. ಇದು ನನ್ನ ಗುಣ ಅಲ್ಲ, ಇಷ್ಟಗಲ ಜಾಗ ಅಂತ ಅನ್ನಿಸ್ತು.

ಪೂರ್ತಿ ಮಂಪರು ಕೊಡ್ಲಿಲ್ಲ. ಸಲೈನಿಗೆ ಲಿಡೋಕೇನ್ ಮತ್ತು ಅಡ್ರಿನಲಿನ್ ಬೆರೆಸಿ ಚರ್ಮದ ಕೆಳಗೆ ತುಂಬಿದ್ರು, ಕ್ಲೈನ್ ಅನ್ನೋ ಅಮೆರಿಕದ ಚರ್ಮವೈದ್ಯ 1987ರಲ್ಲಿ ಪ್ರಕಟಿಸಿದ ವಿಧಾನ ಅದು. ಲಿಡೋಕೇನ್ ನೋವು ತಡೆಯುತ್ತೆ, ಅಡ್ರಿನಲಿನ್ ರಕ್ತನಾಳ ಬಿಗಿ ಮಾಡಿ ರಕ್ತ ಕಮ್ಮಿ ಮಾಡುತ್ತೆ, ನೀರು ತುಂಬಿ ಚರ್ಮ ಮೇಲೆದ್ದು ಪದರ ಬೇರೆಯಾಗುತ್ತೆ. ಕಂಕುಳು ಪೂರಿ ಉಬ್ಬಿದಂಗೆ ಗಟ್ಟಿಯಾಯ್ತು. ಆಮೇಲೆ ನೋವಿಲ್ಲ, ಆದ್ರೆ ಗೊತ್ತಾಗುತ್ತೆ. ತೆಂಗಿನಕಾಯಿ ತುರಿಯೋ ಥರದ ಸಪ್ಪಳ ಮೈಯೊಳಗಿಂದಲೇ ಬಂದಂಗೆ. ಒಂದೂವರೆ ಗಂಟೆ.

ನಿಜವಾದ ಕಷ್ಟ ಆಮೇಲಿನದು. ಒಳಗೆ ನೀರು ತುಂಬದೇ ಚರ್ಮ ವಾಪಸ್ ಅಂಟ್ಕೊಳ್ಳಲಿ ಅಂತ ಹತ್ತಿ ಉಂಡೆ ಇಟ್ಟು ಬಿಗಿಯಾಗಿ ಕಟ್ಟಿದ್ರು. ತೋಳು ಭುಜದ ಮಟ್ಟಕ್ಕಿಂತ ಮೇಲೆ ಎತ್ತೋ ಹಂಗಿಲ್ಲ, ಎರಡು ವಾರ. ತಲೆ ಬಾಚೋದು, ಜಡೆ ಹಾಕೋದು, ಬಟ್ಟೆ ಹಾಕೋದು ಎಲ್ಲಾ ಅವ್ವನೇ. ಮುಂದೆ ಬಟನ್ ಇರೋ ಸಡಿಲ ನೈಟಿ ನಾಲ್ಕು ಹೊಲಿದಿಟ್ಟಿದ್ಳು ಮುಂಚೇನೇ. ಐದನೇ ದಿನ ಎಡಗಡೆ ಒಳಗೆ ನೀರು ತುಂಬಿ ಮೊಟ್ಟೆ ಗಾತ್ರ ಊದ್ಕೊಂಡ್ತು, ಸೂಜಿಯಲ್ಲಿ ಎರಡು ಸಲ ತೆಗೆದ್ರು. ರಾತ್ರಿ ಹೆದರಿ ಅತ್ತಿದೀನಿ, ತಪ್ಪು ಮಾಡಿದ್ನಾ ಅಂತ. ಆ ರಾತ್ರಿಗಳಲ್ಲಿ ಅವ್ವ ನಂಗೆ ಅಜ್ಜನ ಕಥೆ ಹೇಳಿದ್ಳು, ಓಣಿಯಲ್ಲಿ ಯಾರ್ಯಾರ ಚೀಟಿಗೆ ಚುಕ್ಕೆ ಇದೆ ಅಂತ ಹೆಸರಿಲ್ಲದೇ ಹೇಳಿದ್ಳು, ಎಷ್ಟು ಜನ ಅಂತೀರಿ. "ನಿಂಗ ಕೇಳಿದ್ರ ನೊಂದ್ಕೊಂತೀಯ ಅಂತ ಕೇಳ್ಲಿಲ್ಲವ್ವ" ಅಂದ್ಳು. ನಾನೂ ಅದಕ್ಕೇ ಹೇಳಿರ್ಲಿಲ್ಲ ಅಂದೆ.

ಈಗ ಒಂದು ವರ್ಷ ಮೇಲಾಯ್ತು. ಬಲಗಡೆ ಬಹುಪಾಲು ಒಣಗಿದೆ. ಎಡಗಡೆ ಹಿಂಭಾಗದಲ್ಲಿ ಎರಡು ಬೆರಳಗಲ ಜಾಗ ಇನ್ನೂ ಬೆವರುತ್ತೆ, ಬೇಸಿಗೆಯಲ್ಲಿ ಗೊತ್ತಾಗುತ್ತೆ. ಚರ್ಮ ಕೆಲವು ತಿಂಗಳು ಜೋಮು ಹಿಡಿದಂಗಿತ್ತು, ಈಗ ಸ್ಪರ್ಶ ತಿಳಿಯುತ್ತೆ. ತೂತಿನ ಕಲೆ ಎರಡು ಕಪ್ಪು ಬೇಳೆಕಾಳಿನಷ್ಟು. ಕೂದಲೂ ಕಮ್ಮಿಯಾಗಿದೆ. ಬೇರೆ ಎಲ್ಲೂ ಬದಲಿ ಬೆವರು ಬಂದಿಲ್ಲ. ಯಾರಾದ್ರೂ ಕೇಳಿದ್ರೆ ಮೊದಲೇ ಆಪರೇಷನ್ ಮಾಡಿಸಿ ಅಂತ ಹೇಳಲ್ಲ, ದ್ರಾವಣ, ಮಾತ್ರೆ, ಇಂಜೆಕ್ಷನ್ ಎಲ್ಲಾ ನೋಡಿ ಅಂತೀನಿ, ಮೊದಲು ಒಬ್ಬರ ಹತ್ರ ಬಾಯಿ ಬಿಡಿ ಅಂತೀನಿ. ಬೋರ್ಡ್ ಮೇಲಿಂದ ಬರೀತೀನಿ ಈಗ. ದೊಡ್ಡ ಅಕ್ಷರ.

ಮೊನ್ನೆ ಸಂಜೆ ಅವ್ವನ ಹತ್ರ ಒಂದು ಹುಡುಗಿ ಬಂದಿದ್ಳು, ಡಿಗ್ರಿ ಓದೋಳು, ಕಾಲೇಜು ಫಂಕ್ಷನ್ನಿಗೆ ತಿಳಿಹಸಿರು ಬ್ಲೌಸ್ ಪೀಸು, ಅಳತೆಗೆ ಕಪ್ಪು ಬ್ಲೌಸು. ಅಳತೆ ಬ್ಲೌಸನ್ನ ಸುರುಳಿ ಸುತ್ತಿ ಕವರಿನ ತಳಕ್ಕೆ ತುರುಕಿದ್ಳು, ಆ ಸುತ್ತೋ ರೀತಿ ನಂಗೆ ಗೊತ್ತು. ಅವ್ವ ಹರವಿದ್ಳು, ನೋಡಿದ್ಳು, ಪೆನ್ಸಿಲ್ ಕೈಗೆ ತಗೊಂಡು ಚೀಟಿಯಲ್ಲಿ ಅಳತೆ ಬರೆದ್ಳು. ಚುಕ್ಕೆ ಇಡ್ಲಿಲ್ಲ. ಪೆನ್ಸಿಲ್ ಕೆಳಗಿಟ್ಟು, "ನನ್ ಮಗಳಿಗೂ ಹಿಂಗ ಇತ್ತವ್ವ. ಒಳಗ ಅದಾಳ, ಬಾ, ಸ್ವಲ್ಪ ಕುಂತು ಮಾತಾಡು" ಅಂದ್ಳು.

ಹುಡುಗಿ ಮುಖ ಕೆಂಪಾಗಿ ನಿಂತೇ ಇದ್ಳು, ನಾನು ಬಾಗಿಲಿಗೆ ಬಂದೆ, ಅವಳು ಒಳಗೆ ಬಂದು ಮಂಚದ ತುದಿಗೆ ಕೂತ್ಳು. ಒಂದು ಗಂಟೆ ಮಾತಾಡಿದ್ವಿ. ಹೋಗೋವಾಗ ಅವ್ವನ ಹತ್ರ ಮೆಲ್ಲಗೆ, ಹಂಗಾದ್ರೆ ಒಳಗೆ ಅಸ್ತರ್ ಹಾಕಲ್ವಾ ಆಂಟಿ ಅಂತ ಕೇಳಿದ್ಳು.

"ಹಾಕ್ತೀನಿ" ಅಂದ್ಳು ಅವ್ವ. "ಈ ಸಲಕ್ಕ ಹಾಕಿರ್ತೀನಿ. ನೀ ಡಾಕ್ಟರ ಹತ್ರ ಹೋಗಿ ಬಾ."